ಸೊಲೊಯಿ ಊರಿನವರಿಗೆ ಮೈಕ್ ಇರಲಿಲ್ಲ

ಶಿರಾದಲ್ಲಿ ಯಾರು ತೀರಿಕೊಂಡರೂ ಮೊದಲು ಫೋನ್ ಬರುವುದು ನನಗೆ.
ಆಟೋಗೆ ಮೈಕ್ ಕಟ್ಟಿಕೊಂಡು ಸಾವಿನ ಸುದ್ದಿ ಸಾರುವವನು ನಾನೇ ತಾನೇ...

ಇವತ್ತು ಬೆಳಗ್ಗೆಯೂ ಬಂತು.
ತೀರಿಕೊಂಡವರ ಹೆಸರು ಕೇಳಿ "ರಾಂಗ್ ನಂಬರ್" ಅಂತ ಕಟ್ ಮಾಡಿಬಿಟ್ಟೆ.
ಮತ್ತೆ ಬಂತು...
ಮತ್ತೆ ಕಟ್ ಮಾಡಿದೆ.
ಆಮೇಲೆ ಅವರ ಹೆಂಡತಿಯೇ ಮಾಡಿದರು.
"ಅಣ್ಣಾ, ನೀನೇ ಕೂಗ್ಬೇಕಂತೆ ಕಣಣ್ಣಾ... ಅವ್ರು ಮೊದ್ಲೇ ಹೇಳ್ಬುಟ್ಟಿದ್ರು..."

ನಮ್ಮ ಓಬಳೇಶಪ್ಪ ಮೇಷ್ಟ್ರು ಹೋದರು.

ಪಾವಗಡದ ಕಡೆ, ಆಂಧ್ರ ಗಡಿಯ ಬಲಸಮುದ್ರದವರು. ಇಲ್ಲೇ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು.
ನಾನು ಏಳನೇ ಕ್ಲಾಸು. ಅದರಲ್ಲೂ ಮದಲೂರು ಕೆರೆಯಲ್ಲಿ ಈಜಿದ್ದೇ ಜಾಸ್ತಿ.
ಆದರೂ ಟೀ ಅಂಗಡಿಯಲ್ಲಿ ಇಬ್ಬರದೂ ಒಂದೇ ಬೆಂಚು.

ನನ್ನ ಗಂಟಲು ನಿಮಗೆಲ್ಲ ಗೊತ್ತಲ್ಲ... ಮೈಕ್ ಕೆಟ್ಟರೂ ಹೈವೇ ಆಚೆಗೆ ಕೇಳುತ್ತದೆ. ಶಿರಾದಲ್ಲಿ ಇನ್ನೊಬ್ಬನಿದ್ದರೆ ತೋರಿಸಿ ನೋಡೋಣ.
ಮೇಷ್ಟ್ರಿಗೂ ನನ್ನ ಗಂಟಲು ಇಷ್ಟ.
ಅದರಿಂದ ಬರುವ ಮಾತು ಮಾತ್ರ ಇಷ್ಟವಿಲ್ಲ.

"ಲೇ, ಏನ್ಲಾ ಅದು, 'ಈ ಮೂಲಕ ತಿಳಿಯಪಡಿಸುವುದೇನೆಂದರೆ'... ಸತ್ತಿರೋದು ಮನ್ಸನಾ, ಸರ್ಕಾರಿ ಆರ್ಡರಾ?"
"ಮೈಕ್‌ನಾಗೆ ಬುಕ್ ಕನ್ನಡನೇ ಬರ್ಬೇಕು ಮೇಷ್ಟ್ರೇ. ನಮ್ಮ ಮಾತಾಡುದ್ರೆ ತಪ್ಪು ಅಂತಾರೆ."
"ತಪ್ಪಾ?"

ಆಗ ಹೇಳಿದ್ದು ಈ ಕತೆ...
ತಪ್ಪು ಮಾತಿಗೆ ಇಂಗ್ಲಿಷಿನಲ್ಲಿ 'ಸಾಲಿಸಿಸಮ್' ಅನ್ನುತ್ತಾರಂತೆ. ಅದು ಒಂದು ಊರಿನ ಹೆಸರಿಂದ ಬಂದದ್ದಂತೆ.
ಬಹಳ ಹಿಂದೆ ಗ್ರೀಕರ ಅಥೆನ್ಸ್ ಪಟ್ಟಣದ ಕೆಲವರು ಸಮುದ್ರ ದಾಟಿ ಸೊಲೊಯಿ ಅನ್ನುವ ಊರಲ್ಲಿ ನೆಲೆ ನಿಂತರು. ಅಲ್ಲಿಯವರ ಜೊತೆ ಬೆರೆತು ಅವರ ಮಾತು ಬದಲಾಯಿತು. ಪಟ್ಟಣದವರು ನಕ್ಕರು. ಎಲ್ಲಿ ಯಾರು ತಪ್ಪು ಮಾತಾಡಿದರೂ 'ಸೊಲೊಯಿ ಮಾತು' ಅಂದರು.
ಹಾಗಂತ ಹಳಬರು ಹೇಳಿದ್ದಾರಂತೆ.

"ಆ ಊರೋರು ಸುಮ್ಕಿದ್ರಾ ಮೇಷ್ಟ್ರೇ?"
"ಅವ್ರಿಗೆ ಮೈಕ್ ಇರ್ಲಿಲ್ಲ ಕಣ್ಲಾ."

ನಕ್ಕೆವು...
ಆಮೇಲೆ ಅವರು ಮೆಲ್ಲಗೆ ಅಂದರು. "ನಾನು ಪ್ಯಾಟೆಗೆ ಓದಾಕೋದಾಗ್ಲೂ ನಕ್ಕಿದ್ರು. ಬಾಯಿ ಬುಟ್ರೆ ತೆಲುಗು ಬತ್ತೈತೆ ಅಂತ. ಮಾತೇ ಬುಟ್ಬುಟ್ಟಿದ್ದೆ... ನಾನು ಹೋದಾಗ ನೀನು ನಮ್ಮ ಮಾತ್ನಾಗೆ ಕೂಗು. ಬುಕ್ ಕನ್ನಡ ಏನಾದ್ರೂ ಬಂತೋ, ಎದ್ದು ಬಂದ್ಬುಡ್ತೀನಿ!"

ಮೇಷ್ಟ್ರೇ...
ಕೂಗಿದೆ. ಕೇಳಿಸಿತಾ?

"ಅಪ್ಪೋ, ಅಮ್ಮೋ... ನಮ್ಮ ಓಬಳೇಶಪ್ಪ ಮೇಷ್ಟ್ರು ಹೋಗ್ಬುಟ್ರು ಕಣ್ರಪ್ಪೋ... ಎದ್ದು ಕುಂತೋರು ಅಂಗೇ ಹೋಗ್ಬುಟ್ರು... ಮದ್ಯಾನ ಬಲಸಮುದ್ರಕ್ಕೆ ಕರ್ಕೊಂಡೋಯ್ತಾರೆ... ನೋಡೋರು ಬಂದು ನೋಡ್ಕೊಳ್ರಪ್ಪೋ..."

ಇಷ್ಟು ವರ್ಷದಲ್ಲಿ ನನ್ನ ಮೈಕಿಗೆ ಯಾರೂ ತಿರುಗಿ ಮಾತಾಡಿದ್ದಿಲ್ಲ.
ಇವತ್ತು ಕಡಲೆಕಾಯಿ ಮೂಟೆ ಹೊರುತ್ತಿದ್ದವರು ಇಳಿಸಿ ಬಂದರು. "ಏನಾಯ್ತಣ್ಣಾ? ನಿನ್ನೆ ಚೆನ್ನಾಗಿದ್ರಲ್ಲಣ್ಣಾ?"
ಟೀ ಅಂಗಡಿ ಸಾಬ್ರು ಒಲೆ ಆರಿಸಿ ಆಟೋ ಹತ್ತಿಕೊಂಡರು.

ಇದನ್ನು ನಿಮಗೆ ಹೇಳಬೇಕಿತ್ತು ಮೇಷ್ಟ್ರೇ... ನೋಡಿ, ನಿಮ್ಮ ಮಾತೇ ಗೆದ್ದಿತು ಅಂತ.
ಹೇಳೋಣ ಅಂದರೆ ನೀವೇ ಇಲ್ಲ.

ಕೊನೆಗೆ ನಿಮ್ಮ ಮನೆ ಮುಂದೆ ಆಟೋ ನಿಲ್ಲಿಸಿದೆ.
ಮೈಕ್ ಹಿಡಿದೆ.
ಬೇಕಂತಲೇ... ಪೂರ್ತಿ ಗಂಟಲು ಬಿಟ್ಟು...
"ಸಮಸ್ತ ನಾಗರಿಕ ಬಂಧುಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ..." ಅಂದೆ.

ಬಾಗಿಲ ಕಡೆ ನೋಡುತ್ತಾ ನಿಂತೆ.
ತುಂಬಾ ಹೊತ್ತು ನಿಂತೆ...

ನೀವು ಎದ್ದು ಬರಲಿಲ್ಲ.

ಹೋಗ್ಬನ್ನಿ ಮೇಷ್ಟ್ರೇ.
ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ...
ಅಲ್ಲಿ ಯಾರೂ ನಿಮ್ಮ ಮಾತಿಗೆ ನಗದಿರಲಿ.