ಕುರ್ಚಿ ಡ್ಯೂಟಿಯ ನಾಲ್ಕು ದಿನ

ಬೆಳಗಿನ ಐದೂಮುಕ್ಕಾಲು. ಸೈಕಲ್ ಸ್ಟ್ಯಾಂಡಿಗೂ ಕ್ಯಾಂಟೀನಿಗೂ ನಡುವೆ ಸಿಕ್ಕಿಕೊಂಡಿರುವ ಸಣ್ಣ ಕೋಣೆಯ ಬೀಗ ತೆಗೆದು, ಚಪ್ಪಲಿಯನ್ನು ಹೊರಗೇ ಬಿಟ್ಟು ಪಟ್ಟಿಯಕ್ಕ ಒಳಗೆ ಕಾಲಿಡುತ್ತಾರೆ. ಮೊದಲ ಪಾಳಿಯ ಸೈರನ್ನಿಗೆ ಇನ್ನು ಕಾಲು ಗಂಟೆ. ಅಷ್ಟರಲ್ಲಿ ಕತ್ತರಿ, ಚಿಮುಟ ಕುದಿಯುವ ನೀರಿಗೆ ಬೀಳಬೇಕು, ಹತ್ತಿ ಉಂಡೆಯಾಗಬೇಕು, ಗಾಜ್ ಬಟ್ಟೆ ಅಂಗೈ ಅಗಲಕ್ಕೆ ತುಂಡಾಗಿ ಡಬ್ಬಿ ಸೇರಬೇಕು. ಡಬ್ಬಿ ಅರ್ಧ ತುಂಬುವ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಬಂದು ನಿಂತಿದ್ದಾನೆ. ರಾತ್ರಿ ಪಾಳಿಯವನು, ಒಂದು ಕೈ ಬೆನ್ನ ಹಿಂದೆ. ಏನಿಲ್ಲ ಅಕ್ಕಾ, ಸ್ವಲ್ಪ ತರಚಿದೆ, ಒಂದು ಪಟ್ಟಿ ಸುತ್ತಿಬಿಡಿ ಸಾಕು ಅನ್ನುತ್ತಾನೆ.

"ಏನಿಲ್ಲದಿದ್ರೆ ಹಿಂದೆ ಯಾಕೆ ಬಚ್ಚಿಟ್ಕೊಂಡಿದ್ದೀಯ? ಮುಂದೆ ತಾ."

ಹೆಬ್ಬೆರಳ ಬುಡದಲ್ಲಿ ಎರಡು ಹೊಲಿಗೆಯಷ್ಟು ಸೀಳು. ತೊಳೆದು, ಒತ್ತಿ ಹಿಡಿದು, ಪಟ್ಟಿ ಸುತ್ತಿ, ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಅವನು ಗೋಗರೆಯುತ್ತಾನೆ. ಮೇಸ್ತ್ರಿ ಸುಮ್ಮನೆ ಬಿಡುವುದಿಲ್ಲ, ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ, ನಿಮ್ಮ ಕೈಯಲ್ಲೇ ವಾಸಿಯಾಗುತ್ತೆ ಎಂದು ಒಂದೇ ಸಮ. ಪಟ್ಟಿಯಕ್ಕ ಮುಖ ಎತ್ತುವುದಿಲ್ಲ. ಹೊಸ ರಿಜಿಸ್ಟರಿನಲ್ಲಿ ಗಂಟೆ, ಯಂತ್ರದ ನಂಬರು, ಗಾಯದ ಉದ್ದ, ಎಲ್ಲ ಬಿಡಿಸಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ಅವನಿಂದ ರುಜು ಹಾಕಿಸಿಕೊಳ್ಳುತ್ತಾರೆ. ಅವನು ಗೊಣಗುತ್ತಾ ಗೇಟಿನ ಕಡೆ ನಡೆಯುತ್ತಾನೆ.

"ಒಂದು ವರ್ಷದ ಹಿಂದೆ ಆಗಿದ್ರೆ ಪಟ್ಟಿ ಕಟ್ಟಿ ಮನೆಗೆ ಕಳಿಸ್ತಿದ್ದೆ" ಎನ್ನುತ್ತಾರೆ. ಬರೆದುಕೊಳ್ಳಲು ಬಂದ ಪತ್ರಿಕೆಯವರಿಗೆ ಹೇಳಿದ ಮಾತು ಇದು.

ತಗಡನ್ನು ಒತ್ತಿ ಪಾತ್ರೆಯ ಮುಚ್ಚಳ, ಫ್ಯಾನಿನ ರೆಕ್ಕೆ, ಬೀರುವಿನ ಬಾಗಿಲು ಮಾಡುವ ಕಾರ್ಖಾನೆ ಇದು. ಮುನ್ನೂರ ಅರವತ್ತು ಕೆಲಸಗಾರರು, ಹದಿನೇಳು ಒತ್ತುಯಂತ್ರ, ಅಷ್ಟೂ ಜನರ ಗಾಯಕ್ಕೆ ಒಬ್ಬ ಪಟ್ಟಿಯಕ್ಕ. ವಯಸ್ಸು ಐವತ್ತೈದು, ಈ ಕೋಣೆಗೆ ಬಂದು ಇಪ್ಪತ್ತೆರಡು ವರ್ಷ. ನರ್ಸ್ ಎಂದು ಮಾತ್ರ ಬರೆಯಬೇಡಿ ಎಂದು ಮೊದಲೇ ತಾಕೀತು ಮಾಡುತ್ತಾರೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿ, ಅಲ್ಲಿನ ಹಿರಿಯ ನರ್ಸಮ್ಮನ ಹಿಂದೆ ಬಿದ್ದು ಕಟ್ಟುವುದು, ತೊಳೆಯುವುದು ಕಲಿತವರು. ಆಮೇಲೆ ಆರು ತಿಂಗಳ ಪ್ರಥಮ ಚಿಕಿತ್ಸೆ ಕೋರ್ಸು. ಪಟ್ಟಿ ಕಟ್ಟುವ ಅಕ್ಕ ಅನ್ನುವುದು ಕಾಲಕ್ರಮೇಣ ಸವೆದು ಪಟ್ಟಿಯಕ್ಕ ಆಯಿತು.

ದಿನಕ್ಕೆ ಹದಿನೈದರಿಂದ ಇಪ್ಪತ್ತು ಜನ ಬರುತ್ತಾರೆ. ಸೋಮವಾರ ಜಾಸ್ತಿ. ಊಟ ಮುಗಿದು ಕಣ್ಣು ಎಳೆಯುವ ಆ ಒಂದು ಗಂಟೆ ಎಲ್ಲಕ್ಕಿಂತ ಕೆಟ್ಟದ್ದು. ಕಣ್ಣಿಗೆ ಸಿಡಿದ ಚೂರು, ಎಣ್ಣೆಗೆ ಜಾರಿ ತಿರುಚಿದ ಪಾದ, ತಗಡಿನ ಅಂಚು ತಾಗಿದ ಬೆರಳು. ಮನೆಯಲ್ಲಿ ಜೊತೆಗಿರುವುದು ದರ್ಜಿ ಕೆಲಸದ ತಂಗಿ. ನಮ್ಮಕ್ಕನಿಗೆ ಯಾರಾದರೂ ನಮಸ್ಕಾರ ಮಾಡಿದರೆ ಮುಖ ನೋಡಲ್ಲ, ಬೆರಳು ಎಣಿಸ್ತಾಳೆ ಎಂದು ಆಕೆ ಗೇಲಿ ಮಾಡುತ್ತಾಳೆ. ಗಾಯ ನೋಡಿಯೇ ಯಾವ ಯಂತ್ರದ್ದು, ಯಾವ ಮೇಸ್ತ್ರಿಯ ಪಾಳಿಯದ್ದು ಎಂದು ಹೇಳುವುದರಲ್ಲಿ ಪಟ್ಟಿಯಕ್ಕನದು ಎತ್ತಿದ ಕೈ.

ಇವರ ಬಗ್ಗೆ ಬರೆಯಿರಿ ಎಂದು ಪತ್ರಿಕೆಗೆ ಕಾಗದ ಹಾಕಿದ್ದು ಅದೇ ಕಾರ್ಖಾನೆಯ ಒಂದಿಬ್ಬರು ಕೆಲಸಗಾರರು. ಇಪ್ಪತ್ತೆರಡು ವರ್ಷದಿಂದ ತಾಯಿಯ ಹಾಗೆ ನೋಡಿಕೊಂಡಿದ್ದಾರೆ ಎಂದು ಅದರಲ್ಲಿತ್ತು. ಕಾಗದ ಓದಿದ ಪಟ್ಟಿಯಕ್ಕನ ಮುಖ ಸಣ್ಣದಾಯಿತು. ಬೇಡ ಅಂದರು. ಎರಡು ಸಲ ಕೇಳಿದ ಮೇಲೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಎಡಚನ ವಿಷಯ ಬಿಡದೆ ಬರೆಯಬೇಕು.

ಎಡಚ ಎಂದರೆ ಒಂಬತ್ತನೇ ನಂಬರ್ ಯಂತ್ರದವನು. ಎಡಗೈ ಚುರುಕು, ಅದಕ್ಕೇ ಆ ಅಡ್ಡಹೆಸರು. ಈ ಯಂತ್ರಗಳಿಗೆ ಎರಡು ಗುಂಡಿ ಇರುತ್ತವೆ. ಎರಡನ್ನೂ ಎರಡು ಕೈಯಿಂದ ಒಟ್ಟಿಗೇ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯಬೇಕು. ಕೈಗಳು ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರುವುದಿಲ್ಲ, ಅಷ್ಟೇ ಸರಳ. ಆದರೆ ಗಂಟೆಗೆ ಇಷ್ಟು ಮುಚ್ಚಳ ಎಂಬ ಗುರಿ ಮುಟ್ಟಬೇಕಲ್ಲ. ಒಂದು ಗುಂಡಿಗೆ ಬೆಂಕಿಕಡ್ಡಿ ಸಿಕ್ಕಿಸಿಬಿಟ್ಟರೆ ಅದು ಒತ್ತಿದಂತೆಯೇ ಇರುತ್ತದೆ, ಒಂದು ಕೈ ಬಿಡುವಾಗುತ್ತದೆ, ತಗಡು ತಳ್ಳಬಹುದು. ಕಡ್ಡಿ ಸಿಕ್ಕಿಸುವುದು ಕೆಲಸಗಾರರಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು, ಸೇಫ್ಟಿ ಸಾಹೇಬರಿಗೂ ಗೊತ್ತು. ತಪಾಸಣೆಯ ದಿನ ಮಾತ್ರ ಹದಿನೇಳು ಯಂತ್ರದಲ್ಲೂ ಕಡ್ಡಿ ಮಾಯ.

ಇನ್ನೊಂದು ಏರ್ಪಾಡು ಇದೆ, ಅದರ ಹೆಸರು ಕುರ್ಚಿ ಡ್ಯೂಟಿ. ಗೇಟಿನ ಪಕ್ಕದ ದೊಡ್ಡ ಬೋರ್ಡಿನಲ್ಲಿ ಅಪಘಾತವಿಲ್ಲದ ದಿನಗಳು ಎಷ್ಟಾದವು ಎಂದು ಬರೆದಿರುತ್ತದೆ. ಗಾಯವಾದವನು ಮಾರನೆಯ ದಿನ ಕೆಲಸಕ್ಕೆ ಬರದಿದ್ದರೆ ಅದು ಅಪಘಾತ, ಬೋರ್ಡು ಸೊನ್ನೆಗೆ ಬೀಳುತ್ತದೆ. ಬಂದರೆ ಅದು ಬರೀ ತರಚು ಗಾಯ. ಹಾಗಾಗಿ ಕಾರ್ಖಾನೆಯ ವ್ಯಾನು ಅವನ ಮನೆ ಬಾಗಿಲಿಗೇ ಹೋಗುತ್ತದೆ. ಅವನನ್ನು ಕರೆತಂದು, ಹಾಜರಿ ಒತ್ತಿಸಿ, ಪಟ್ಟಿಯಕ್ಕನ ಕೋಣೆಯ ಕುರ್ಚಿಯಲ್ಲಿ ಎಂಟು ಗಂಟೆ ಕೂರಿಸಿ, ವಾಪಸು ಬಿಟ್ಟು ಬರುತ್ತಾರೆ. ಎಂಥ ಮುತುವರ್ಜಿ ನೋಡಿ! ಮುರಿದ ಕಾಲಿನವನನ್ನೂ ಹೀಗೆ ಒಂದು ವಾರ ಕೂರಿಸಿದ್ದುಂಟು. ಪಟ್ಟಿಯಕ್ಕ ಅವನಿಗೆ ಚಹಾ ತರಿಸಿಕೊಟ್ಟು, ದಿಂಬು ಇಟ್ಟು, ಚೆನ್ನಾಗಿ ನೋಡಿಕೊಂಡೆ ಎಂದೇ ಅಂದುಕೊಂಡಿದ್ದರು.

ಎಡಚನ ಕೈ ಅಚ್ಚಿಗೆ ಸಿಕ್ಕ ದಿನ ಬೋರ್ಡಿನಲ್ಲಿ ಒಂಬೈನೂರ ತೊಂಬತ್ತಾರು. ಸಾವಿರ ತುಂಬಿದರೆ ಸಮಾರಂಭ, ಪ್ರತಿ ಕೆಲಸಗಾರನಿಗೂ ಒಂದು ಸೂಟ್‌ಕೇಸು. ನಾಲ್ಕೇ ದಿನ ಬಾಕಿ. ಎಡಗೈಯ ಅಂಗೈ ಅಂಚು ಜಜ್ಜಿಹೋಗಿತ್ತು, ಎರಡು ಬೆರಳ ಚರ್ಮ ಬಿಚ್ಚಿತ್ತು. ನೋಡಿದ ಕೂಡಲೇ ಪಟ್ಟಿಯಕ್ಕನಿಗೆ ಗೊತ್ತಾಯಿತು, ಇದು ತನ್ನ ಕೋಣೆಯ ಗಾಯವಲ್ಲ. ಚೀಟಿ ಪುಸ್ತಕ ಕೈಗೆ ತೆಗೆದುಕೊಂಡೂ ಇದ್ದರು. ಬಾಗಿಲಲ್ಲಿ ಗುಂಪು ಸೇರಿತ್ತು, ನಾಲ್ಕು ದಿನ ಅಕ್ಕಾ ಎಂದು ಯಾರೋ ಅಂದರು. ಎಡಚನೇ, ಹಲ್ಲು ಕಚ್ಚಿಕೊಂಡು, ನನ್ನೊಬ್ಬನಿಂದ ಎಲ್ಲರದ್ದೂ ಹಾಳಾಗೋದು ಬೇಡ ಅಂದ. ಆಗ ಸೇಫ್ಟಿ ಸಾಹೇಬರು ಒಳಗೆ ಬಂದು, ನಿಮ್ಮ ಕೈಗುಣದ ಮುಂದೆ ಆಸ್ಪತ್ರೆ ಯಾವ ಲೆಕ್ಕ, ನೀವೇ ನೋಡಿಕೊಳ್ಳಿ ಅಂದರು.

"ಬೆದರಿಸಿದ್ರು ಅಂತ ಹೇಳಿದ್ರೆ ನನಗೂ ಸುಲಭ ಆಗ್ತಿತ್ತು. ಬೆದರಿಸ್ಲಿಲ್ಲ. ಹೊಗಳಿದ್ರು. ಆ ಒಂದು ಮಾತಿಗೆ ಉಬ್ಬಿಹೋದೆ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈಯೆಲ್ಲ ಮುದುರುತ್ತೆ."

ರಿಜಿಸ್ಟರಿನಲ್ಲಿ ಬರೆದರು: ತರಚು ಗಾಯ, ಪಟ್ಟಿ ಹಾಕಲಾಗಿದೆ, ಕೆಲಸಕ್ಕೆ ಹಾಜರು. ಮೊದಲ ದಿನ, ಎರಡನೇ ದಿನ ಎಡಚ ಕುರ್ಚಿಯಲ್ಲಿ ಕೂತು ನಗಿಸುತ್ತಿದ್ದ. ಇಷ್ಟು ವರ್ಷದಲ್ಲಿ ಸಾಹೇಬರ ಹಾಗೆ ಕುರ್ಚಿಯಲ್ಲಿ ಕೂತು ಸಂಬಳ ತೆಗೆದುಕೊಳ್ಳುತ್ತಿರುವುದು ಇದೇ ಮೊದಲು ಎನ್ನುತ್ತಿದ್ದ. ಮೂರನೇ ದಿನ ಮಾತು ಕಡಿಮೆಯಾಯಿತು, ಮೈ ಬಿಸಿಯಾಯಿತು. ಪಟ್ಟಿ ಬಿಚ್ಚಿದಾಗ ವಾಸನೆ ಬಂತು. ಆ ವಾಸನೆ ಏನೆಂದು ಪಟ್ಟಿಯಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇನ್ನೊಂದೇ ದಿನವಲ್ಲವೇ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು, ತೊಳೆದು, ಇನ್ನೂ ದಪ್ಪಗೆ ಸುತ್ತಿದರು.

ನಾಲ್ಕನೇ ದಿನ ಸಮಾರಂಭ. ಎಡಚನಿಗೆ ತುಂಬುತೋಳಿನ ಅಂಗಿ ಹಾಕಿಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಪಟ್ಟಿಯಕ್ಕನನ್ನು ವೇದಿಕೆಗೆ ಕರೆದು ಪ್ರಶಸ್ತಿಪತ್ರ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಡಚನೂ ತಟ್ಟಿದ, ಬಲಗೈಯಿಂದ ತನ್ನ ತೊಡೆಯ ಮೇಲೆ. ಅಂದು ಸಂಜೆ ಅವನನ್ನು ಆಸ್ಪತ್ರೆಗೆ ಒಯ್ದರು. ಮೂರು ಬೆರಳು, ಅರ್ಧ ಅಂಗೈ ತೆಗೆಯಬೇಕಾಯಿತು.

"ವೇದಿಕೆ ಮೇಲಿಂದ ಅವನನ್ನ ನೋಡಿದೆ. ನೋಡಿಯೂ ಪತ್ರ ಇಸ್ಕೊಂಡೆ. ಕೆಳಗಿಳಿದು ಬಂದು ಫೋಟೋಗೆ ನಿಂತ್ಕೊಂಡೆ. ನಕ್ಕಿದ್ದೀನಿ ಅದ್ರಲ್ಲಿ."

ಇಲ್ಲಿಗೆ ಮುಗಿದಿದ್ದರೆ ಎಷ್ಟೋ ಜನರ ಹಾಗೆ ಪಟ್ಟಿಯಕ್ಕನೂ ಹೊಟ್ಟೆಯಲ್ಲೇ ಇಟ್ಟುಕೊಂಡು ಇದ್ದುಬಿಡುತ್ತಿದ್ದರೇನೋ. ಎಡಚ ಆಸ್ಪತ್ರೆಯಿಂದ ಬಂದ ಮೇಲೆ ದಿನಾ ಪಾಳಿ ಮುಗಿಸಿ, ಎರಡೂವರೆಗೆ, ಅವನ ಮನೆಗೆ ಹೋಗಿ ಪಟ್ಟಿ ಬದಲಾಯಿಸತೊಡಗಿದರು. ಯಾರೂ ಹೇಳಿದ್ದಲ್ಲ. ಗಲ್ಲಿಯ ಕೊನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಹೋದಾಗಲೆಲ್ಲ ನೆಲ ಒದ್ದೆ. ಎಡಚನ ಹೆಂಡತಿ ಬಾಗಿಲಲ್ಲೇ ನಿಂತು, ಈಗ ತಾನೇ ಒರೆಸಿದ್ದೀನಿ ಅಕ್ಕಾ, ಹಾಸಿಗೆ ಬಟ್ಟೆಯನ್ನೂ ಕುದಿಸಿದ್ದೀನಿ ಎಂದು ಒಪ್ಪಿಸುತ್ತಿದ್ದಳು. ಒಂದು ದಿನ ನೀರು ಕೊಡಲು ಚಾಚಿದ ಅವಳ ಕೈ ನೋಡಿದರು. ಅಂಗೈ ಸುಲಿದು ಕೆಂಪಾಗಿತ್ತು, ಬೆರಳ ಸಂದು ಸೀಳಿತ್ತು. ಯಾವ ಯಂತ್ರದ ಗಾಯವೂ ಅಲ್ಲ, ಬ್ಲೀಚಿಂಗ್ ಪುಡಿಯದ್ದು.

ವಿಚಾರಿಸಿದರೆ ಒಂದು ಕಾಗದ ತೋರಿಸಿದಳು. ಪರಿಹಾರಕ್ಕೂ, ಒಂದೇ ಕೈಯಲ್ಲಿ ಮಾಡಬಹುದಾದ ಕೆಲಸಕ್ಕೂ ಎಡಚ ಅರ್ಜಿ ಹಾಕಿದ್ದ, ಅದಕ್ಕೆ ಕಾರ್ಖಾನೆಯ ಉತ್ತರ ಅದು. ಕೆಲಸದಲ್ಲಿ ಆದದ್ದು ತರಚು ಗಾಯ ಮಾತ್ರ, ರಿಜಿಸ್ಟರೇ ಸಾಕ್ಷಿ. ಮನೆಯಲ್ಲಿ ಶುಚಿತ್ವ ಕಾಪಾಡದ ಕಾರಣ ನಂಜಾಗಿದೆ. ಪಕ್ಕದ ಮನೆಯವರಿಂದ ಅದನ್ನು ಓದಿಸಿಕೊಂಡ ದಿನದಿಂದ ಆಕೆ ದಿನಕ್ಕೆ ಮೂರು ಸಲ ನೆಲ ತಿಕ್ಕುತ್ತಿದ್ದಳು. ಗಲ್ಲಿಯ ಹೆಂಗಸರು ನಲ್ಲಿಯ ಹತ್ತಿರ ಅವಳನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಅತ್ತೆಯಂತೂ ಮುಖದ ಮೇಲೇ ಅಂದುಬಿಟ್ಟಿದ್ದರು, ನಿನ್ನ ಕೊಳಕಿಗೆ ನನ್ನ ಮಗನ ಕೈ ಹೋಯಿತು ಎಂದು.

"ಅವತ್ತು ಅವಳ ಕೈಗೆ ಮುಲಾಮು ಹಚ್ಚಿ ಎದ್ದು ಬಂದೆ. ಬಾಯಿ ಬಿಡ್ಲಿಲ್ಲ. ಹನ್ನೊಂದು ವಾರ ಹಾಗೇ ಹೋಗಿ ಬಂದು ಮಾಡಿದೆ. ನಿವೃತ್ತಿಗೆ ಮೂರು ವರ್ಷ ಇದೆ, ತಂಗಿ ಕಣ್ಣು ಮಂಜಾಗ್ತಿದೆ, ಎಲ್ಲ ಲೆಕ್ಕ ಹಾಕ್ತಿದ್ದೆ. ಅವಳು ಚಹಾ ಮಾಡಿ ಕೊಡ್ತಿದ್ಲು, ಕುಡೀತಿದ್ದೆ."

ಕೊನೆಗೆ ತಂಗಿಗೆ ಹೇಳಿದರು. ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿಸಿಕೊಂಡ ತಂಗಿ, ನನ್ನ ಕಣ್ಣನ್ನು ನಿನ್ನ ಸುಳ್ಳಿಗೆ ಅಡ್ಡ ಇಡಬೇಡ ಎಂದಷ್ಟೇ ಹೇಳಿ ಮತ್ತೆ ಪೆಡಲು ತುಳಿದಳು. ಮುಂದಿನ ಗುರುವಾರ ಕಾರ್ಮಿಕ ಕಚೇರಿಯಲ್ಲಿ ಎಡಚನ ದೂರಿನ ವಿಚಾರಣೆ ಇತ್ತು. ಕಾರ್ಖಾನೆಯವರು ಪಟ್ಟಿಯಕ್ಕನನ್ನು ತಮ್ಮ ಕಡೆಯ ಸಾಕ್ಷಿಯಾಗಿ ಕಾರಿನಲ್ಲೇ ಕರೆದೊಯ್ದಿದ್ದರು. ಅಧಿಕಾರಿ ರಿಜಿಸ್ಟರಿನ ಸಾಲು ಓದಿ, ಇದು ಯಾರ ಅಕ್ಷರ ಎಂದು ಕೇಳಿದರು.

"ಅಕ್ಷರ ನಂದು. ಸುಳ್ಳೂ ನಂದೇ."

ಆಮೇಲೆ ಒಂದೊಂದಾಗಿ ಹೇಳಿದರು. ಬೆಂಕಿಕಡ್ಡಿ, ಕುರ್ಚಿ, ಮೂರನೇ ದಿನದ ವಾಸನೆ, ನಾಲ್ಕನೇ ದಿನದ ಪ್ರಶಸ್ತಿಪತ್ರ. ಕಾರ್ಖಾನೆಯ ವಕೀಲರು ಎದ್ದು, ಹಾಗೆ ಬರೆಯಲು ಯಾರು ಹೇಳಿದರು ಎಂದು ಕೆದಕಿದರು. ಸಾಹೇಬರು ಹೇಳಿದ್ದನ್ನೂ ಮುಚ್ಚಿಡಲಿಲ್ಲ, ಪೆನ್ನು ತಮ್ಮ ಕೈಯಲ್ಲೇ ಇತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಹೇಳಿಕೆಗೆ ರುಜು ಹಾಕಿದರು. ಅಧಿಕಾರಿ ರಿಜಿಸ್ಟರನ್ನು ತಮ್ಮ ಬಳಿಯೇ ಇಟ್ಟುಕೊಂಡರು. ತೀರ್ಪು ಮುಂದಿನ ತಿಂಗಳು.

ಬೋರ್ಡು ಸೊನ್ನೆಗೆ ಬಿದ್ದಿದೆ. ಪಟ್ಟಿಯಕ್ಕನಿಗೆ ವಿವರಣೆ ಕೇಳಿ ನೋಟಿಸು ಬಂದಿದೆ. ಕೆಲಸ ಎಷ್ಟು ದಿನವೋ ಗೊತ್ತಿಲ್ಲ. ಕ್ಯಾಂಟೀನಿನಲ್ಲಿ ಕೆಲವರು ಅವರ ಮೇಜಿಗೆ ಬಂದು ಕೂರುವುದಿಲ್ಲ, ಕೆಲವರು ಬೇಕೆಂದೇ ಬಂದು ಕೂರುತ್ತಾರೆ. ಕುರ್ಚಿ ಡ್ಯೂಟಿ ಸದ್ಯಕ್ಕೆ ನಿಂತಿದೆ. ಗಾಯವಾದವರು ಮನೆಯಲ್ಲಿ ಮಲಗಿ ವಾಸಿಯಾಗುತ್ತಿದ್ದಾರೆ, ಮನುಷ್ಯರು ವಾಸಿಯಾಗಬೇಕಾದ ಹಾಗೆ. ಭೇಷ್ ಅನ್ನಬೇಕಲ್ಲವೇ ಎಂದು ಕೇಳಿದರೆ ಪಟ್ಟಿಯಕ್ಕ ಕೈ ಅಡ್ಡ ಆಡಿಸುತ್ತಾರೆ. ಹೊಗಳಿಕೆ ಕಿವಿಗೆ ಬಿದ್ದರೆ ಈಗ ಅವರಿಗೆ ಭಯ.

ವಿಚಾರಣೆ ಮುಗಿದ ದಿನ ಕಚೇರಿಯ ಮೆಟ್ಟಿಲ ಹತ್ತಿರ, ಒಳಗೆ ಎಲ್ಲ ಕೇಳಿಸಿಕೊಂಡಿದ್ದ ಎಡಚ ಮತ್ತು ಅವನ ಹೆಂಡತಿ ನಿಂತಿದ್ದರು. ಪಟ್ಟಿಯಕ್ಕ ತಲೆ ತಗ್ಗಿಸಿ ಅವರ ಮುಂದೆ ಹೋಗಿ ನಿಂತರು. ಬೈಯಲಿ ಎಂದೇ ನಿಂತದ್ದು. ಎಡಚ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, ನಾಳೆ ಬರ್ತೀರಲ್ಲ ಅಕ್ಕಾ ಎಂದು ಎಂದಿನಂತೆ ಕೇಳಿದ. ಅವನ ಹೆಂಡತಿ ಮಾತ್ರ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

"ಹಾಗಾದ್ರೆ ನನ್ನಿಂದ ಆಗಿದ್ದಲ್ಲ" ಅಂದಳು. ಮತ್ತೆ, "ನಾಳೆಯಿಂದ ನೀವು ಬರೋದು ಬೇಡ ಅಕ್ಕಾ. ಪಟ್ಟಿ ನಾನೇ ಕಟ್ತೀನಿ."

ಪಟ್ಟಿಯಕ್ಕ ಅಂದಿನಿಂದ ಆ ಗಲ್ಲಿಗೆ ಕಾಲಿಟ್ಟಿಲ್ಲ. ಗಾಜ್, ಹತ್ತಿ, ಮುಲಾಮು ಕಟ್ಟಿ ತಂಗಿಯ ಕೈಯಲ್ಲಿ ಕಳಿಸುತ್ತಾರೆ. ಎಡಚನ ಹೆಂಡತಿ ಇಸಿದುಕೊಳ್ಳುತ್ತಾಳೆ, ಅಷ್ಟೇ. ಕಟ್ಟು ಚೆನ್ನಾಗಿ ಬೀಳುತ್ತಿದೆಯಂತೆ, ಗಾಯ ಒಣಗುತ್ತಿದೆಯಂತೆ. ಇದನ್ನು ಹೇಳುತ್ತಾ ಪಟ್ಟಿಯಕ್ಕ ಪಟ್ಟಿ ಸುತ್ತಿಡುತ್ತಾರೆ. ಏನಾದರೂ ಆಸೆ ಇದೆಯೇ, ಕೆಲಸ ಉಳಿಯಲಿ ಅಂತಲೋ, ನಿವೃತ್ತಿಯಾಗುವವರೆಗೆ ಬಿಡಲಿ ಅಂತಲೋ ಎಂದು ಕೇಳಿದರೆ, ಸುತ್ತಿಡುತ್ತಿದ್ದ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲ ಬಾರಿಗೆ ನೇರವಾಗಿ ನೋಡುತ್ತಾರೆ.

"ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ಳಿ. ಆದ್ರೆ ಆ ನಲ್ಲಿ ಹತ್ರ ನಿಲ್ಲೋ ಹೆಂಗಸ್ರೂ ಓದ್ತಾರೆ, ಅವಳ ಅತ್ತೆನೂ ಓದಿಸ್ಕೊಳ್ತಾರೆ. ಆ ಮನೆ ಚೊಕ್ಕಟವಾಗಿತ್ತು ಅಂತ ಬರೀರಿ. ಮೊದಲ ದಿನದಿಂದ್ಲೂ ಚೊಕ್ಕಟವಾಗಿತ್ತು."