ಬಣ್ಣ ಬಂತು, ಕೂದಲು ಬರಲಿಲ್ಲ

ಹೋದ ವಾರ ನನ್ನ ಅಕ್ಕನಿಗೆ ಉದ್ದ ಜಡೆ ಹಾಕಲು ಹೋಗಿ ತಲೆಯನ್ನೇ ಬೋಳು ಮಾಡಿಬಿಟ್ಟೆ.

ಗಾಬರಿಯಾಗಬೇಡಿ. ಕಂಪ್ಯೂಟರಿನಲ್ಲಿ. ಒಂದು ಗೇಮಿನೊಳಗೆ.

(ಈ ವಯಸ್ಸಿನಲ್ಲಿ ಗೇಮಾ ಅನ್ನುವವರು ಅಂದುಕೊಳ್ಳಿ. ವಾರವಾರ ಓದುವ ನಿಮಗೆ ನನ್ನ ವಯಸ್ಸೂ ಗೊತ್ತು, ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟಲು ನಾನು ಪಡುವ ಪಾಡೂ ಗೊತ್ತು.)

ಮೊದಲಿನಿಂದ ಹೇಳುತ್ತೇನೆ. ಅಕ್ಕ ಸರ್ವಮಂಗಳ ಈಗ ದಟ್ಟಗಳ್ಳಿಯ ನಮ್ಮ ಮನೆಯಲ್ಲಿದ್ದಾಳೆ. ರಾಜೀವನಗರದಲ್ಲಿ ಅವಳದು ಎರಡನೇ ಮಹಡಿ. ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. "ನೀನೂ ಒಬ್ಳೇ, ನಾನೂ ಒಬ್ಳೇ. ಬಂದ್ಬುಡು" ಅಂದೆ. ಒಂದು ಸೂಟ್‌ಕೇಸು, ಒಂದು ದಿಂಬು ತೆಗೆದುಕೊಂಡು ಬಂದಳು.

ಕೂದಲು ಉದುರಿತು. ಅದಕ್ಕೆ ಅವಳು ಅಳಲಿಲ್ಲ. ತಲೆಗೆ ತೆಳ್ಳಗಿನ ನೀಲಿ ಬಟ್ಟೆ ಕಟ್ಟಿಕೊಂಡು ಎಂದಿನಂತೆ ಗೇಟಿನ ಹತ್ತಿರ ನಿಂತು ಸೊಪ್ಪು ಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, "ಅಯ್ಯೋ, ಎಷ್ಟುದ್ದ ಕೂದ್ಲಿತ್ತಲ್ರೀ ನಿಮ್ಗೆ, ಹಿಂಗಾಗೋಯ್ತಲ್ಲ" ಅಂದರು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡು ಅಂದಿದ್ದಲ್ಲ. ಆದರೆ ಅಕ್ಕ ಆಮೇಲೆ ಗೇಟಿಗೆ ಹೋಗಲಿಲ್ಲ. ವರಾಂಡಕ್ಕೂ ಬರಲಿಲ್ಲ. ನಾನು ಸೊಪ್ಪು ತಂದರೆ, ಒಳಗಿಂದಲೇ "ದಂಟು ಬಲಿತಿದೆ" ಅನ್ನುತ್ತಿದ್ದಳು.

ಗೇಮ್ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಡ್ರಿಪ್ ಹಾಕಿಸಿಕೊಂಡು ಕೂತಿದ್ದಾಗ ಪಕ್ಕದ ಕುರ್ಚಿಯ ಹೆಂಗಸು ಲ್ಯಾಪ್‌ಟಾಪಿನಲ್ಲಿ ಪುಟ್ಟ ಮನೆಯೊಂದಕ್ಕೆ ಕಿಟಕಿ ಇಡುತ್ತಿದ್ದರು. ಅಕ್ಕ ಕತ್ತು ಚಾಚಿ ನೋಡಿದಳು.

"ಮನೆ ಕಟ್ಬೋದು ಅಕ್ಕ. ಜನರನ್ನ ಮಾಡಿ ಒಳಗೆ ಇಡ್ಬೋದು. ಆಮೇಲೆ ಅವರ ಪಾಡಿಗೆ ಅವರು ಬದುಕ್ಕೋತಾರೆ, ನಾವು ನೋಡ್ತಾ ಇರೋದು" ಅಂದರು.

"ನೋಡ್ತಾ ಇರೋದು ಚೆನ್ನಾಗಿದೆ" ಅಂದಳು ಅಕ್ಕ.

ಹಾಗೆ ನಮ್ಮ ಮಧ್ಯಾಹ್ನಗಳು ಬದಲಾದವು. ಊಟವಾದ ಮೇಲೆ ಪರದೆ ಎಳೆದು, ಮಂಚದ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ನನ್ನ ಲ್ಯಾಪ್‌ಟಾಪ್. (ಈ ಅಂಕಣ ಬರೆಯುವ ಲ್ಯಾಪ್‌ಟಾಪೇ. ಸಂಪಾದಕರು ಕ್ಷಮಿಸಲಿ.) ಫ್ಯಾನು ತಿರುಗುವ ಸದ್ದು, ಯಾವಾಗಲೋ ಒಮ್ಮೆ ಮಂಡಕಳ್ಳಿ ನಿಲ್ದಾಣಕ್ಕೆ ಇಳಿಯುವ ವಿಮಾನದ ಗುಂಯ್ ಅನ್ನುವ ದನಿ, ಪರದೆಯ ಸಂದಿಯಿಂದ ನೆಲದ ಮೇಲೆ ಬಿದ್ದ ಬಿಸಿಲಿನ ಗೆರೆ. ಲ್ಯಾಪ್‌ಟಾಪಿನೊಳಗಿನ ಊರಿನಲ್ಲಿ ಮಾತ್ರ ಬೇರೆಯೇ ಹೊತ್ತು. ಅಲ್ಲಿ ನಾವು ನೋಡುತ್ತಿದ್ದಂತೆಯೇ ಬೆಳಗಾಗಿ, ಬಿಸಿಲೇರಿ, ಸಂಜೆಗೆಂಪು ಹರಡಿ, ದೀಪ ಹತ್ತಿಕೊಳ್ಳುತ್ತಿತ್ತು. ಅಲ್ಲೊಂದು ಹಳದಿ ಗೋಡೆಯ ಮನೆ ಕಟ್ಟಿದ್ದೆವು. ಅದರಲ್ಲಿ ಒಬ್ಬಳೇ ಒಬ್ಬಳು ಹುಡುಗಿ. ಹೆಸರು ಮಂಗಳ.

ಅಕ್ಕ ಮಾತ್ರೆಯ ಮಂಪರಿನಲ್ಲಿ ನಿದ್ದೆಗೆ ಜಾರುವಳು. ಎಚ್ಚರವಾದಾಗ ಕಣ್ಣು ಬಿಡದೆಯೇ ಕೇಳುವಳು.

"ಊಟ ಮಾಡಿದ್ಳಾ?"

"ಯಾರು?"

"ಮಂಗಳ."

"ಮಾಡಿದ್ಳು. ಗಿಡಕ್ಕೆ ನೀರ್ ಹಾಕ್ತಿದಾಳೆ."

"ಹಾಕ್ಲಿ" ಅಂದು ಮತ್ತೆ ಜಾರುವಳು. ಯಾವ ಮಂಗಳ ಎಚ್ಚರವಾಗಿದ್ದಾಳೆ, ಯಾವ ಮಂಗಳ ಕನಸಿನಲ್ಲಿದ್ದಾಳೆ ಅಂತ ನನಗೇ ಒಂದೊಂದು ಸಲ ಗೊಂದಲವಾಗುತ್ತಿತ್ತು.

ಎಲ್ಲ ಸರಿಯಿತ್ತು. ನನಗೇ ಒಂದು ಕೊರತೆ ಕಾಣಿಸಿತು. ಮಂಗಳ ಚಡ್ಡಿ, ಬನಿಯನ್ನು ಹಾಕಿಕೊಂಡು ಓಡಾಡುತ್ತಿದ್ದಳು. ಕತ್ತಿನವರೆಗೆ ಕತ್ತರಿಸಿದ ಕೂದಲು. ಗೇಮಿನ ಬೀರು ಜಾಲಾಡಿದೆ, ಮನಸ್ಸಿಗೆ ಬಂದ ಸೀರೆ ಸಿಗಲಿಲ್ಲ, ಜಡೆಯಂತೂ ಇಲ್ಲವೇ ಇಲ್ಲ. ಹುಡುಕಿದಾಗ ಗೊತ್ತಾಯಿತು, ಕಂಪನಿ ಕೊಡದ್ದನ್ನು ಆಡುವವರೇ ಮಾಡಿ ಹಂಚುತ್ತಾರಂತೆ. ಅದಕ್ಕೆ ಮಾಡ್ ಅಂತ ಹೆಸರು. ಯಾವುದೋ ದೇಶದ ಯಾರೋ ಪುಣ್ಯಾತ್ಮರು ಕೂತು ಸೀರೆಯ ನೆರಿಗೆ ಬಿಡಿಸಿಟ್ಟಿದ್ದಾರೆ. ಯಾಕೆ? ಸುಮ್ಮನೆ. ಇನ್ನೊಬ್ಬರ ಗೊಂಬೆ ಉಡಲಿ ಅಂತ.

ಇಳಿಸಿಕೊಳ್ಳುವುದೇನು, ಇಳಿಯಿತು. ಆಮೇಲೆ? ಜಿಪ್ ಫೈಲನ್ನು ಬಿಚ್ಚದೆ ಹಾಗೇ ಇಟ್ಟೆ. ಏನೂ ಆಗಲಿಲ್ಲ. ಬಿಚ್ಚಿ, ಗೇಮ್ ಕೂತಿರುವ ಫೋಲ್ಡರಿಗೇ ಹಾಕಿದೆ. ಆಗಲಿಲ್ಲ. ಮಾಡ್‌ಗಳಿಗೆ ಅಂತಲೇ ಡಾಕ್ಯುಮೆಂಟ್ಸ್ ಒಳಗೆ ಬೇರೆ ಫೋಲ್ಡರ್ ಇದೆ ಅಂತ ಒಂದು ವಿಡಿಯೋ ಹೇಳಿತು. ಅಲ್ಲಿಟ್ಟೆ. ಆಗಲೂ ಇಲ್ಲ. ಗೇಮಿನ ಸೆಟಿಂಗ್ಸಿಗೆ ಹೋಗಿ "ಹೊರಗಿನದನ್ನು ಒಳಗೆ ಬಿಡು" ಅಂತ ಟಿಕ್ ಮಾಡಬೇಕು, ಒಮ್ಮೆ ಮುಚ್ಚಿ ತೆರೆಯಬೇಕು. ಮಾಡಿದೆ.

ಬಂತು ನೋಡಿ. ಅರಿಶಿನ ಬಣ್ಣದ ಸೀರೆ, ಹಸಿರು ಅಂಚು. ಮಂಗಳ ಸೆರಗು ಹೊದ್ದು ಹಳದಿ ಮನೆಯ ಮೆಟ್ಟಿಲಿಳಿದಳು. ನನ್ನ ಕಣ್ಣು ತುಂಬಿಬಂತು. (ನಗುವವರು ಒಮ್ಮೆ ಮಾಡಿ ನೋಡಿ.)

"ಚೆನ್ನಾಗಿದೆ" ಅಂದಳು ಅಕ್ಕ. "ಓಡಕ್ಕಾಗುತ್ತಾ ಅದ್ರಲ್ಲಿ?"

ನಾನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಜಡೆ ಕೂತಿತ್ತು. ಮೊಣಕಾಲಿಗೆ ಬಡಿಯುವ ಜಡೆ, ಬುಡದಲ್ಲಿ ಮಲ್ಲಿಗೆ, ಅಕ್ಕನಿಗೆ ಇದ್ದಂಥದ್ದು. ಹುಡುಕಿದೆ, ಸಿಕ್ಕಿತು. ಅಚ್ಚ ಕಪ್ಪು. ಈಗ ನಾನು ಪಳಗಿದವಳು, ಬಿಚ್ಚಿದೆ, ಇಟ್ಟೆ, ತೆರೆದೆ. "ಅಕ್ಕ, ಕಣ್ಮುಚ್ಕೋ" ಅಂದು ಜಡೆಯ ಚಿತ್ರದ ಮೇಲೆ ಒತ್ತಿದೆ. "ಈಗ ನೋಡು" ಅಂದೆ.

ಸೀರೆಯುಟ್ಟ ಮಂಗಳ ನಮ್ಮ ಕಡೆ ತಿರುಗಿ ನಗುತ್ತಿದ್ದಳು. ತಲೆ ನುಣ್ಣಗಿತ್ತು.

ಧಡಕ್ಕನೆ ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಓದಿದಾಗ ತಿಳಿಯಿತು, ನಾನು ಇಳಿಸಿಕೊಂಡಿದ್ದು ಬರೀ ಬಣ್ಣ. ಜಡೆಯ ಆಕಾರ ಇರುವ ಮೂಲ ಫೈಲು ಬೇರೆ, ಅದನ್ನು ಬೇರೆ ಕಡೆಯಿಂದ ತರಬೇಕು. ಪುಟದ ಕೆಳಗೆ ಬರೆದೇ ಇತ್ತು. ಕೆಳಗಿನವರೆಗೆ ಯಾರು ಓದುತ್ತಾರೆ ಹೇಳಿ?

ಅಕ್ಕ ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಳು.

"ತೆಗಿ" ಅಂದಳು.

"ಸರಿ ಮಾಡ್ತೀನಿ ಇರಕ್ಕ, ಏನೋ ತಪ್ಪಾಗಿದೆ."

"ತೆಗಿಯೇ. ಅವಳು ಒಬ್ಳೇ ನಿಂತಿರ್ತಾಳೆ."

ತೆಗೆದೆ. ಮಂಗಳ ಅಲ್ಲೇ ಇದ್ದಳು. ಅಕ್ಕ ಹತ್ತಿರ ಬಾಗಿ ಬಹಳ ಹೊತ್ತು ನೋಡಿದಳು. "ಕಿವಿ ಚೆನ್ನಾಗಿದೆ ಕಣೆ ಇವಳದ್ದು. ಇಷ್ಟು ದಿನ ಕಾಣ್ಲೇ ಇಲ್ಲ" ಅಂದಳು. ಆಮೇಲೆ, "ಇರ್ಲಿ ಬುಡು. ಆಡ್ಸು."

ಆಡಿಸಿದೆ. ಮಂಗಳ ಕಾಫಿ ಮಾಡಿಕೊಂಡಳು. ಗಿಡಕ್ಕೆ ನೀರು ಹಾಕಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಬಂದು ಕೈ ಕುಲುಕಿದರು, ಅವಳ ಜೊತೆ ಏನೇನೋ ಭಾಷೆಯಲ್ಲಿ ಹರಟಿದರು, ಜೋರಾಗಿ ನಕ್ಕರು. ಇನ್ನೊಬ್ಬರು ಬಂದರು. ಒಳಗೆ ಹೋಗಿ ಸೋಫಾದ ಮೇಲೆ ಕೂತರು. ಸಂಜೆಯಾಯಿತು. ಮಂಗಳ ರೇಡಿಯೋ ಹಾಕಿ ಕುಣಿಯತೊಡಗಿದಳು, ಬಂದವರೂ ಕುಣಿದರು. ಕಿಟಕಿಯ ಬೆಳಕು ಹುಲ್ಲಿನ ಮೇಲೆ ಬಿದ್ದಿತ್ತು. ಅವಳ ತಲೆಯ ಮೇಲೂ ಒಂದಿಷ್ಟು ಬಿದ್ದಿತ್ತು.

"ನೋಡ್ದಾ" ಅಂದಳು ಅಕ್ಕ, ಮೆಲ್ಲಗೆ. "ಯಾರೂ ಕೇಳ್ತಾ ಇಲ್ಲ ಅವಳನ್ನ."

ಗೇಮಿನವರಿಗೆ ಕೇಳಲು ಬರುವುದಿಲ್ಲ ಅನ್ನಲೇ?

"ನಾಳೆ ಜಡೆ ಸರಿ ಮಾಡ್ಕೊಡ್ತೀನಿ" ಅಂದೆ.

"ಜಡೆ ಬೇಕಾಗಿದ್ದು ನಿಂಗೆ ಕಣೆ" ಅಂದಳು. ಬೇಜಾರಿಲ್ಲದೆ ಹೇಳಿದಳು. "ಅದನ್ನ ಒಣಗಿಸೋದ್ರಲ್ಲೇ ನನ್ನ ಭಾನುವಾರ ಎಲ್ಲಾ ಹೋಯ್ತು. ಕೂದ್ಲು ಹೋಯ್ತಲ್ಲ ಅಂತ ನಾನು ಒಳಗೆ ಕೂತಿಲ್ಲ. ಹೋಯ್ತಲ್ಲ ಅಂತ ಎಲ್ಲರೂ ಹೇಳ್ತಾರಲ್ಲ, ಅದಕ್ಕೆ ಕೂತಿದೀನಿ."

ಮಾರನೆಯ ದಿನ ಮೂಲ ಫೈಲು ಸಿಕ್ಕಿತು. ನಾನು ಹಾಕಲಿಲ್ಲ. ಅಕ್ಕ ಮಂಗಳಳಿಗೆ ಸೀರೆ ಬಿಚ್ಚಿಸಿ ಮತ್ತೆ ಚಡ್ಡಿ ಹಾಕಿಸಿದಳು. ಇಬ್ಬರೂ ಸ್ವಲ್ಪ ಹೊತ್ತು ಅವಳು ಆ ಊರಿನ ಕೆರೆಯ ಸುತ್ತ ಓಡುವುದನ್ನು ನೋಡಿದೆವು.

ಮೊನ್ನೆ ಸಂಜೆ ಬಿಸಿಲು ಇಳಿದ ಮೇಲೆ ಅಕ್ಕ ಚಪ್ಪಲಿ ಹುಡುಕಿದಳು. ತಲೆಯ ಬಟ್ಟೆ ಮಂಚದ ಮೇಲೇ ಇತ್ತು. ನಾನು ಅದರ ಕಡೆ ನೋಡಿದೆ, ಅವಳು ನೋಡಲಿಲ್ಲ. "ಪಾರ್ಕಿನ ತನಕ ಹೋಗ್ಬರಣ" ಅಂದಳು.

ಹೋದೆವು. ನಮ್ಮ ಊರು ಆ ಊರಲ್ಲ, ಗೊತ್ತಲ್ಲ. ಸ್ಕೂಟರಿನ ಮೇಲೆ ಹೋಗುತ್ತಿದ್ದವರೊಬ್ಬರು ಎರಡು ಸಲ ತಿರುಗಿ ನೋಡಿದರು. ವಾಕಿಂಗಿನ ಹೆಂಗಸೊಬ್ಬರ ದೃಷ್ಟಿ ಅಕ್ಕನ ತಲೆಗೆ ಹತ್ತಿ ಅಲ್ಲೇ ಕೂತುಬಿಟ್ಟಿತು. "ಮೇಡಂ, ಏನಾಗಿತ್ತು?" ಅಂದರು. ಅಕ್ಕ ಹೇಳಿದಳು. ಅವರು "ಅಯ್ಯೋ ಪಾಪ" ಅಂದು, ತಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿ ತೀರಿಕೊಂಡ ಕಥೆ ಶುರುಮಾಡಿದರು. ಅಕ್ಕನ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಮನೆಗೆ ಹೋಗೋಣ ಅನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ನಡೆದಳು.

ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ವಯಸ್ಸಾದ ಒಬ್ಬರು ಕೂತಿದ್ದರು. ಅಕ್ಕ ಏದುಸಿರು ಬಿಡುತ್ತಿದ್ದುದನ್ನು ಕಂಡು ಪಕ್ಕದಲ್ಲಿಟ್ಟಿದ್ದ ಬ್ಯಾಗು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬನ್ನಿ, ಕೂತ್ಕೊಳಿ. ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ." ಅಕ್ಕ ಕೂತಳು. ಅವರು ಅಕ್ಕನ ಮುಖ ನೋಡಿ ಕೇಳಿದರು.

"ನಿಮ್ಮ ಕಡೆ ಇವತ್ತು ನೀರು ಬಂತಾ?"

ಬಂದಿರಲಿಲ್ಲ. ಯಾಕೆ ಬಂದಿಲ್ಲ, ಮೊನ್ನೆ ಎಷ್ಟು ಹೊತ್ತಿಗೆ ಬಂದಿತ್ತು, ಸಂಪು ಚಿಕ್ಕದಾದರೆ ಏನು ಪಾಡು, ಎಲ್ಲವನ್ನೂ ಅಕ್ಕ ವಿವರವಾಗಿ ಹೇಳಿದಳು. ಅವರೂ ಹೇಳಿದರು. ಬೀದಿ ದೀಪ ಹತ್ತಿತು. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಎಷ್ಟೋ ದಿನದ ಮೇಲೆ ಅಕ್ಕನ ದನಿ ಗಟ್ಟಿಯಾಗಿ, ಜಗಳ ಆಡುವಷ್ಟು ಗಟ್ಟಿಯಾಗಿ ಕೇಳುತ್ತಿತ್ತು.

ಎದುರಿಗೆ ಸಿಕ್ಕವರನ್ನು ಮೊದಲು ನೀರು ಬಂತಾ ಅಂತ ಕೇಳಿದರೆ ನಮ್ಮ ಗಂಟೇನು ಹೋಗುತ್ತದೆ ಹೇಳಿ?