ಚಿಪ್ ಮೇಲಿನ ಅರಿಶಿನದ ಬೊಟ್ಟು

ಹೇಳಿದ ಮಾತು ಕೇಳುವವಳಲ್ಲ ಎಂಬ ಹೆಸರು ನನಗೆ ಚಿಕ್ಕಂದಿನಿಂದಲೂ ಇದೆ. ಜಯಲಕ್ಷ್ಮಿಪುರಂನ ನಮ್ಮ ಮನೆಗೆ ಬಂದವರಿಗೆಲ್ಲ ಅಮ್ಮ ಅದನ್ನು ಹೇಳುತ್ತಾಳೆ. ಪ್ರಯೋಗಾಲಯದಲ್ಲಿ ನನ್ನ ಗೈಡ್ ಆಗಿದ್ದ ಮೇಷ್ಟರೂ ಅದನ್ನೇ ಹೇಳುತ್ತಿದ್ದರು. ಇಬ್ಬರ ಮಾತೂ ಸುಳ್ಳಲ್ಲ, ನನಗೆ ಬೇಸರವೂ ಇಲ್ಲ.

ನನ್ನ ಕೆಲಸ ರಕ್ತದ ಕಣಗಳನ್ನು ಬೇರ್ಪಡಿಸುವ ಚಿಪ್ ಮಾಡುವುದು. ಅಂಚೆಚೀಟಿಯಷ್ಟು ಅಗಲದ ಸಿಲಿಕೋನ್ ತುಂಡು. ಒಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಅವುಗಳ ತುಂಬ ಓರೆಯಾಗಿ ನಿಂತ ಕಂಬಗಳ ಸಾಲು. ರಕ್ತ ಹರಿಯುವಾಗ ದೊಡ್ಡದಾದ ಬಿಳಿ ಕಣಗಳು ಕಂಬಕ್ಕೆ ತಾಗಿ ತಾಗಿ ಪಕ್ಕಕ್ಕೆ ಸರಿಯುತ್ತವೆ, ಸಣ್ಣ ಕೆಂಪು ಕಣಗಳು ನುಸುಳಿಕೊಂಡು ನೇರ ಹೋಗುತ್ತವೆ. ದೊಡ್ಡ ಯಂತ್ರವಿಲ್ಲದ ಸಣ್ಣ ಆಸ್ಪತ್ರೆಯಲ್ಲೂ ಬೆರಳಿನ ಒಂದು ಹನಿಯಿಂದ ಬಿಳಿ ಕಣ ಬೇರ್ಪಡಿಸಿ ಸೋಂಕಿನ ಸುಳಿವು ಹಿಡಿಯಬೇಕೆಂಬುದು ನನ್ನ ಆಸೆ. ಆಸೆ ಎಂದರೆ ಮೆತ್ತಗಾಯಿತು. ಹಟ.

ಆ ವರ್ಷ ಆ ಹಟಕ್ಕೆ ಕುತ್ತು ಬಂದಿತ್ತು. ಶ್ರೀರಾಂಪುರದಲ್ಲಿ ಸಣ್ಣ ಆಸ್ಪತ್ರೆ ನಡೆಸುವ ಡಾಕ್ಟರಮ್ಮ ಒಬ್ಬರು ಹಬ್ಬ ಕಳೆದ ಮೇಲೆ ಚಿಪ್ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ನನ್ನ ಕೋಣೆ ಬೇರೆಯವರ ಪಾಲು. ಮೇಷ್ಟರು ಹಾಗೆಂದು ಮುಖಕ್ಕೇ ಹೇಳಿದ್ದರು.

ಆಯುಧಪೂಜೆ ನಮ್ಮ ಪ್ರಯೋಗಾಲಯದಲ್ಲಿ ಜೋರು. ಫ್ರಿಜ್ಜು, ಓವನ್ನು, ಮೈಕ್ರೋಸ್ಕೋಪು, ಎಲ್ಲದಕ್ಕೂ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ. ಪೂಜೆಯ ಮೇಲೆ ನನಗೆ ತಕರಾರಿಲ್ಲ, ನನ್ನ ಸ್ಕೂಟರಿನ ಚಕ್ರಕ್ಕೆ ನಾನೂ ನಿಂಬೆಹಣ್ಣು ಇಡುತ್ತೇನೆ. ಆದರೆ ಚಿಪ್‌ಗೆ ಧೂಳೇ ಶತ್ರು.

"ಸಾರ್, ಚಿಪ್‌ಗೆ ಮಾತ್ರ ಬೇಡ" ಎಂದೆ.

"ಒಂದು ಬೊಟ್ಟು ಕಣಮ್ಮ, ಏನಾಗ್ಬುಡುತ್ತೆ?" ಎಂದು ನಕ್ಕರು.

ನಾನು ಚಿಪ್‌ಗೆ ರಕ್ತ ಬಿಡುವ ತೂತುಗಳಿಗೆ ಟೇಪು ಅಂಟಿಸಿ, ಡಬ್ಬಿಯೊಳಗಿಟ್ಟು ಮನೆಗೆ ಹೋದೆ.

ಡಾಕ್ಟರಮ್ಮ ಬಂದ ದಿನ ತಮ್ಮ ಬೆರಳನ್ನೇ ಕೊಟ್ಟರು. ಹನಿ ಹಾಕಿ ಪಂಪು ಚಾಲೂ ಮಾಡಿದೆ. ರಕ್ತ ಕಾಲುವೆಯ ಬಾಯಲ್ಲೇ ನಿಂತಿತು. ಮುಂದಕ್ಕೆ ಒಂದಿಷ್ಟೂ ಹೋಗಲಿಲ್ಲ. ಮೇಷ್ಟರು ಗಂಟಲು ಸರಿಮಾಡಿಕೊಂಡು, "ಡಿಸೈನೇ ಸರಿಯಿಲ್ಲ ಅಂತ ಕಾಣುತ್ತೆ ಡಾಕ್ಟ್ರೇ" ಎಂದು ಅವರನ್ನು ಕಾಫಿಗೆ ಕರೆದೊಯ್ದರು. ನನಗೆ ಮೈಯೆಲ್ಲ ಉರಿಯಿತು. ಚಿಪ್ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕಾಲುವೆಯ ಬಾಯಿ ತುಂಬ ಹಳದಿ ಹರಳು. ನಾನು ಹೋದ ಮೇಲೆ ಮೇಷ್ಟರು ಡಬ್ಬಿ ತೆಗೆದು, ಟೇಪು ಬಿಚ್ಚಿ, ಬೊಟ್ಟಿಟ್ಟು, ಒರೆಸಿ, ಮತ್ತೆ ಟೇಪು ಅಂಟಿಸಿದ್ದರು. ದುಂಡನೆಯ ಆ ತೂತು ಬೊಟ್ಟಿಡಲೆಂದೇ ಮಾಡಿಸಿದಂತಿತ್ತು ಬೇರೆ.

ಮೇಷ್ಟರನ್ನು ಕರೆದು ತೋರಿಸಿದೆ. ನೋಡಿದರು. ಬಾಗಿಲ ಕಡೆ ಒಮ್ಮೆ ತಿರುಗಿ ದನಿ ತಗ್ಗಿಸಿದರು.

"ಅರಿಶಿನ ಅಂದ್ರೆ ನಗ್ತಾರೆ ಕಣಮ್ಮ. ಡಿಸೈನ್ ತಪ್ಪು ಅಂತ ಒಪ್ಕೊಂಡ್ಬುಡು. ನಿನಗೆ ಬೇರೆ ಕೆಲಸ ಕೊಡ್ತೀನಿ."

"ಒಪ್ಪಲ್ಲ ಸಾರ್."

ಕಾಫಿ ಕುಡಿಯುತ್ತಿದ್ದ ಡಾಕ್ಟರಮ್ಮನ ಎದುರಿಗೇ ಹೋಗಿ ನಿಂತೆ. ಡಿಸೈನ್ ಸರಿಯಾಗಿದೆ, ಹಬ್ಬದ ಅರಿಶಿನ ಸಿಕ್ಕಿಕೊಂಡಿದೆ ಎಂದೆ. ಹಿಂದೆ ಮೇಷ್ಟರ ಕೆಮ್ಮು ಕೇಳಿಸಿತು.

ಡಾಕ್ಟರಮ್ಮ ನಗಲಿಲ್ಲ. "ಅಲ್ಲ ಕಣ್ರೀ, ನನ್ನ ಹತ್ರ ಬರೋ ಹೆಂಗಸರ ಬೆರಳಲ್ಲಿ ದಿನಾ ಅರಿಶಿನ ಇರುತ್ತೆ. ಎಷ್ಟು ಒರೆಸಿದ್ರೂ ಉಗುರುಸಂದಿಲಿ ಉಳಿಯುತ್ತೆ. ಅವರಿಗೆಲ್ಲ ಕೈಗೆ ಅರಿಶಿನ ಮುಟ್ಟಿಸ್ಬೇಡಿ ಅಂತ ನಾನು ಹೇಳ್ಲಾ?"

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಸಿಟ್ಟು ಅವರ ಮೇಲಲ್ಲ, ಅವರ ಮಾತು ನಿಜವಾಗಿದ್ದುದರ ಮೇಲೆ. "ಬೇಡ. ಅರಿಶಿನ ಬಿದ್ದರೂ ಓಡೋ ಚಿಪ್ ಮಾಡ್ತೀನಿ. ಮುಂದಿನ ಆಯುಧಪೂಜೆಗೇ ಬಂದು ನೋಡಿ" ಎಂದೆ.

"ಬರ್ತೀನಿ" ಎಂದರು. ಅವರು ಬರುತ್ತೇನೆ ಎಂದ ಮೇಲೆ ಕೋಣೆ ಖಾಲಿ ಮಾಡು ಎನ್ನಲು ಮೇಷ್ಟರಿಗೆ ಬಾಯಿ ಬರಲಿಲ್ಲ.

ಕಾಲುವೆಯ ಬಾಯನ್ನು ಅಗಲ ಮಾಡಿದೆ. ಅಲ್ಲಿ ಇನ್ನೊಂದು ಕಂಬಗಳ ಬೇಲಿ ಹಾಕಿದೆ, ಒಂದು ಸಂದು ಕಟ್ಟಿಕೊಂಡರೆ ರಕ್ತ ಪಕ್ಕದ ಸಂದಿನಲ್ಲಿ ಹೋಗುವಂತೆ. ಚಿಪ್ ಎರೆಯುವ ಅಚ್ಚು ಕೆಟ್ಟಿತು, ಮತ್ತೆ ಮಾಡಿದೆ. ಮನೆಯ ಅರಿಶಿನದ ಡಬ್ಬಿ ಹೊತ್ತು ಹೊರಟಾಗ ಅಮ್ಮ, "ಪೂಜೆಗೇನೇ?" ಎಂದಳು. "ಅಲ್ಲ, ಚಿಪ್ ಹಾಳುಮಾಡೋಕೆ" ಎಂದೆ. ಅವಳು ಹಣೆ ಚಚ್ಚಿಕೊಂಡಳು. ಆ ಡಬ್ಬಿ ಹಬ್ಬದವರೆಗೂ ನನ್ನ ಮೇಜಿನ ಮೇಲೇ ಇತ್ತು.

ಮುಂದಿನ ಆಯುಧಪೂಜೆಯ ದಿನ ಡಾಕ್ಟರಮ್ಮ ಬಂದು ಕುಳಿತಿದ್ದರು. ಮೇಷ್ಟರು ಅರಿಶಿನದ ತಟ್ಟೆ ಹಿಡಿದು ಓವನ್ನಿಗೆ ಬೊಟ್ಟು ಇಟ್ಟರು, ಮೈಕ್ರೋಸ್ಕೋಪಿಗೆ ಇಟ್ಟರು, ನನ್ನ ಮೇಜನ್ನು ದಾಟಿ ಹೊರಟರು. ನಾನು ಚಿಪ್‌ನ ಟೇಪು ಕಿತ್ತೆ.

"ಸಾರ್, ಇದಕ್ಕೂ ಇಡಿ."

"ಬೇಡ ಬುಡಮ್ಮ, ಹೋದ ವರ್ಷದ್ದೇ ಸಾಕು."

"ಇಡಿ ಸಾರ್. ತೂತಿನ ಮೇಲೇ ಇಡಿ."

ಇಟ್ಟರು. ಅದರ ಮೇಲೆಯೇ ನನ್ನ ಬೆರಳು ಚುಚ್ಚಿ ಹನಿ ಬಿಟ್ಟು ಪಂಪು ಹಾಕಿದೆ. ಪರದೆಯ ಮೇಲೆ ಹಳದಿ ಹರಳುಗಳು ಬೇಲಿಯಲ್ಲಿ ಸಿಕ್ಕಿಬಿದ್ದವು. ರಕ್ತ ಪಕ್ಕದ ಸಂದಿಗೆ ಹೊರಳಿತು, ಕಂಬಗಳ ನಡುವೆ ಇಳಿಯಿತು, ಬಿಳಿ ಕಣಗಳು ಒಂದೊಂದಾಗಿ ಪಕ್ಕಕ್ಕೆ ಸರಿಯತೊಡಗಿದವು. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ನಮ್ಮ ಆಸ್ಪತ್ರೆಗೆ ಯಾವತ್ತಿಂದ ಕೊಡ್ತೀರಿ?" ಎಂದರು.

ಮೇಷ್ಟರು ತಟ್ಟೆ ಹಿಡಿದು ಅಲ್ಲೇ ನಿಂತಿದ್ದರು.

"ಕುಂಕುಮ ಮರೆತ್ರಿ ಸಾರ್," ಎಂದೆ. "ಅದನ್ನೂ ಇಡಿ."